ಒಬ್ಬನ ಅಳತೆಗೆ ಕಟ್ಟಿದ ಕಯಾಕ್ ಕಾರ್ಖಾನೆ ಸೇರಿದ್ದು ಹೇಗೆ: ಇಲ್ಲೋರ್ಸುಯಿತ್, 1959

1959ರ ಬೇಸಿಗೆಯಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೆನ್ ಟೇಲರ್ ಗ್ರೀನ್‌ಲ್ಯಾಂಡಿಗೆ ಹೋದರು. ಹೋದದ್ದು ರಾಜಧಾನಿ ನೂಕ್‌ಗಲ್ಲ. ಪಶ್ಚಿಮ ಕರಾವಳಿಯಲ್ಲಿ 71 ಡಿಗ್ರಿ ಉತ್ತರಕ್ಕಿರುವ ಇಲ್ಲೋರ್ಸುಯಿತ್ ಎಂಬ ಪುಟ್ಟ ಊರಿಗೆ. ಸೀಲ್ ಎಂಬ ಕಡಲ ಪ್ರಾಣಿಯ ಬೇಟೆ ಅಲ್ಲಿನ ಕಸುಬು. ಟೇಲರ್‌ಗೆ ಕಯಾಕ್ ಹುಚ್ಚು. ಕಾಲು ಚಾಚಿ ಕೂತು ಹುಟ್ಟಿನಿಂದ ನಡೆಸುವ ಸಪೂರ ದೋಣಿ ಅದು. ಸ್ಕಾಟ್ಲೆಂಡಿನ ಕ್ಲಬ್ಬೊಂದರಲ್ಲಿ ಹುಟ್ಟು ಹಾಕಿ ಪಳಗಿದವರು. ಕಯಾಕ್‌ನಲ್ಲಿ ಕುಳಿತು ಬೇಟೆಯಾಡುವವರನ್ನು ಅವರ ಊರಲ್ಲೇ ನೋಡಬೇಕು ಅಂತ ಹೊರಟರು. ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಹೆರಾಲ್ಡ್ ಡ್ರೆವರ್ ಆ ಊರಿರುವ ದ್ವೀಪದ ಬಂಡೆಗಳನ್ನು ಬಹಳ ಹಿಂದಿನಿಂದ ಅಧ್ಯಯನ ಮಾಡುತ್ತಿದ್ದರು. ಅವರ ಪರಿಚಯದಿಂದಲೇ ದಾರಿ ಸಿಕ್ಕಿತು.

ಆ ಊರಲ್ಲಿ ಎಮಾನುವೆಲೆ ಕೊರ್ನೆಲಿಯುಸ್ಸೆನ್ ಎಂಬವರು ಟೇಲರ್‌ಗೆ ಒಂದು ಕಯಾಕ್ ಕಟ್ಟಿಕೊಟ್ಟರು. ಮರದ ಚೌಕಟ್ಟು, ಮೇಲೆ ಹೊದಿಕೆ. ಟೇಲರ್ ಅದನ್ನು ಸ್ಕಾಟ್ಲೆಂಡಿಗೆ ತಂದರು. ನಡೆದದ್ದು ಇಷ್ಟೇ. ಆದರೆ ಇವತ್ತು ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಸಮುದ್ರಕ್ಕಿಳಿಯುವ ಎಷ್ಟೋ ಫೈಬರ್‌ಗ್ಲಾಸ್ ಕಯಾಕ್‌ಗಳ ವಂಶ ಹುಡುಕಿದರೆ ಈ ಒಂದು ದೋಣಿಗೆ ಬಂದು ನಿಲ್ಲುತ್ತದೆ. ಒಬ್ಬ ಮನುಷ್ಯನ ಮೈಯಳತೆಗೆ, ಒಂದು ಫ್ಯೋರ್ಡಿನ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ) ಬೇಟೆಗೆ ಕಟ್ಟಿದ ವಸ್ತು ಹೀಗೆ ಊರೂರು ಸುತ್ತಿದಾಗ ಅದರಲ್ಲಿ ಏನು ಉಳಿಯಿತು, ಏನು ಉದುರಿಹೋಯಿತು? ಈ ಪ್ರಕರಣದಲ್ಲಿ ನನಗೆ ಕುತೂಹಲ ಇರುವುದು ಅದರ ಬಗ್ಗೆ.

ಆಗ ಬ್ರಿಟನ್ನಿನಲ್ಲಿ ಇದ್ದದ್ದು

ಬ್ರಿಟನ್ನಿನವರಿಗೆ ಚೌಕಟ್ಟಿನ ದೋಣಿ ಹೊಸದೇನಲ್ಲ. 1950ರ ದಶಕದಲ್ಲಿ ಪರ್ಸಿ ಬ್ಲ್ಯಾಂಡ್‌ಫೋರ್ಡ್ ಅವರ ನಕ್ಷೆ ತರಿಸಿ, ಪ್ಲೈವುಡ್ ಅಡ್ಡಚೌಕಟ್ಟಿಗೆ ರೀಪರು ಬಡಿದು, ಮೇಲೆ ಕ್ಯಾನ್ವಾಸ್ ಎಳೆದು ಮನೆಯಲ್ಲೇ ಕಯಾಕ್ ಮಾಡಿಕೊಳ್ಳುವವರು ತುಂಬ ಇದ್ದರು. ಜರ್ಮನಿಯಲ್ಲಿ ಮಡಚಿ ಚೀಲಕ್ಕೆ ಹಾಕುವ ಕ್ಲೆಪ್ಪರ್ ಕಯಾಕ್ ಇತ್ತು. ಅದರ ಮೂಲ ವಿನ್ಯಾಸ 1905ರದ್ದು. 1956ರಲ್ಲಿ ಹಾನ್ನೆಸ್ ಲಿಂಡೆಮಾನ್ ಅಂಥದ್ದರಲ್ಲೇ ಅಟ್ಲಾಂಟಿಕ್ ದಾಟಿದ್ದರು. ಇವೆಲ್ಲ ಅಗಲವಾದ, ಆರಾಮಾಗಿ ಕೂರುವ ದೋಣಿಗಳು. ಸಾಮಾನು ತುಂಬಬಹುದು, ನೆಮ್ಮದಿಯಾಗಿ ನದಿ ಇಳಿಯಬಹುದು. ಆದರೆ ಅಡ್ಡ ಗಾಳಿ, ಒಡೆಯುವ ಅಲೆ ಬಂದರೆ ಅವು ನೀರಿನ ಮೇಲೆ ಕೂತ ಪೆಟ್ಟಿಗೆಗಳೇ.

ಟೇಲರ್ ತಂದ ಕಯಾಕ್ ಈ ಜಾತಿಯದ್ದೇ ಅಲ್ಲ. ಉದ್ದ, ತೆಳು, ತಗ್ಗು. ಎರಡೂ ತುದಿ ಮೇಲಕ್ಕೆ ಬಾಗಿದವು. ತಳಕ್ಕೂ ಪಕ್ಕಕ್ಕೂ ನಡುವೆ ಎದ್ದು ಕಾಣುವ ಏಣು. ಸುಮ್ನೆ ಕೂತರೆ ಅಲ್ಲಾಡುತ್ತದೆ. ಅಲೆಯ ಮಧ್ಯೆ ನುಗ್ಗಿಸಿದರೆ, ಓರೆ ಮಾಡಿ ತಿರುಗಿಸಿದರೆ ಹೇಳಿದಂತೆ ಕೇಳುತ್ತದೆ.

ಕಟ್ಟುವ ಬಗೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಗ್ರೀನ್‌ಲ್ಯಾಂಡ್ ಕಯಾಕ್ ಅರ್ಥವಾಗುವುದು ಅದರ ಅಸ್ಥಿಪಂಜರ ನೋಡಿದಾಗ.

ಯುರೋಪಿನ ಮರದ ದೋಣಿಗೆ ಬೆನ್ನೆಲುಬು ತಳದಲ್ಲಿರುತ್ತದೆ. ಮೊದಲು ತಳದ ಮರ, ಆಮೇಲೆ ಪಕ್ಕೆಲುಬು, ಆಮೇಲೆ ಹಲಗೆ. ಗ್ರೀನ್‌ಲ್ಯಾಂಡ್ ಕಯಾಕ್‌ನ ಬಲ ಇರುವುದು ಮೇಲ್ಭಾಗದಲ್ಲಿ. ಎರಡು ಉದ್ದನೆಯ ಅಂಚುಪಟ್ಟಿಗಳನ್ನು ಮೊದಲು ತಯಾರು ಮಾಡುತ್ತಾರೆ. ಅವುಗಳ ನಡುವೆ ಅಡ್ಡಪಟ್ಟಿ ಕೂರಿಸಿ ಏಣಿಯಂಥ ಚೌಕಟ್ಟು ಮಾಡುತ್ತಾರೆ. ಮೊಳೆ ಹೊಡೆಯುವುದು ಕಮ್ಮಿ. ಕುಳಿ ತೋಡಿ ಕೂರಿಸುವುದು, ಮರದ ಗೂಟ ಬಡಿಯುವುದು, ದಾರದಲ್ಲಿ ಬಿಗಿಯುವುದು, ಇವೇ ಜಾಸ್ತಿ. ಆಮೇಲೆ ಅಂಚುಪಟ್ಟಿಯ ಕೆಳಭಾಗದಲ್ಲಿ ಸಾಲಾಗಿ ತೂತು ಮಾಡಿ, ಬಗ್ಗಿಸಿದ ತೆಳು ಪಕ್ಕೆಲುಬುಗಳನ್ನು ಅದರೊಳಗೆ ಸಿಕ್ಕಿಸುತ್ತಾರೆ. ಕೊನೆಗೆ ಆ ಪಕ್ಕೆಲುಬುಗಳ ಮೇಲೆ ಮೂರು ಉದ್ದ ಪಟ್ಟಿಗಳು: ನಡುವೆ ತಳಪಟ್ಟಿ, ಅತ್ತಿತ್ತ ಏಣಿನ ಪಟ್ಟಿ. ನೀರಿಗೆ ತಾಗುವ ಕೆಳಭಾಗ ಇಡೀ ದೋಣಿಯಲ್ಲೇ ಹಗುರ.

ಹೀಗೆ ಯಾಕೆ ಅಂದರೆ, ಮರ ಇಲ್ಲ. ಗ್ರೀನ್‌ಲ್ಯಾಂಡಿನಲ್ಲಿ ದೋಣಿ ಕಟ್ಟುವಷ್ಟು ದೊಡ್ಡ ಮರ ಬೆಳೆಯುವುದಿಲ್ಲ. ಹಿಂದೆಲ್ಲ ಸೈಬೀರಿಯಾದ ನದಿಗಳಲ್ಲಿ ಕೊಚ್ಚಿಬಂದ ಮರ ಉತ್ತರ ಧ್ರುವದ ಹಿಮದ ಜೊತೆ ತೇಲಿ, ವರ್ಷಗಟ್ಟಲೆ ಅಲೆದು ದಡ ಸೇರುತ್ತಿತ್ತು. ಅದೇ ಕಯಾಕ್‌ಗೆ ಮರ. ಉದ್ದನೆಯ ಒಳ್ಳೆಯ ತುಂಡು ಸಿಕ್ಕರೆ ಅದು ಅಂಚುಪಟ್ಟಿಗೆ. ಚಿಕ್ಕಪುಟ್ಟ ಚೂರು ಮಿಕ್ಕಿದ್ದಕ್ಕೆ. ಅಂಗಡಿಯಲ್ಲಿ ಕುಯ್ದ ಮರ ಸಿಗುವ ಕಾಲ ಬಂದ ಮೇಲೂ ಕಟ್ಟುವ ಕ್ರಮ ಬದಲಾಗಲಿಲ್ಲ.

ಹೊದಿಕೆ ಹೆಂಗಸರ ಕೆಲಸ. ಕೂದಲು ತೆಗೆದ ಸೀಲ್ ತೊಗಲನ್ನು ಹಸಿಯಾಗಿರುವಾಗಲೇ ಚೌಕಟ್ಟಿನ ಮೇಲೆ ಎಳೆದು ಹೊಲಿಯುತ್ತಿದ್ದರು. ಸೂಜಿ ತೊಗಲಿನ ಅರ್ಧ ದಪ್ಪಕ್ಕೆ ಮಾತ್ರ ಇಳಿಯಬೇಕು. ಪೂರ್ತಿ ತೂರಿದರೆ ಆ ತೂತಿನಿಂದಲೇ ನೀರು. ಹೊಲಿಗೆ ಎರಡು ಸಾಲು, ದಾರ ಪ್ರಾಣಿಯ ನರದ್ದು. ನೀರು ತಾಗಿದರೆ ನರ ಊದಿ ತೂತು ಮುಚ್ಚುತ್ತದೆ. ಒಣಗಿದ ತೊಗಲು ಡೋಲಿನಂತೆ ಬಿಗಿಯುತ್ತದೆ. ಹೊಲಿಗೆಗೆ ಕೊಬ್ಬು ಸವರಿದರೆ ಮುಗಿಯಿತು. ಆದರೆ ತೊಗಲು ದಿನಗಟ್ಟಲೆ ನೀರಲ್ಲಿ ನೆನೆಯಬಾರದು. ಬೇಟೆ ಮುಗಿಸಿ ಬಂದವರು ಕಯಾಕನ್ನು ದಡಕ್ಕೆ ಎತ್ತಿ, ನಾಯಿಗಳ ಬಾಯಿಗೆ ಎಟುಕದ ಕಟ್ಟೆಯ ಮೇಲೆ ಒಣಗಲು ಇಡುತ್ತಿದ್ದರು. ಗಾಡಿ ಎಳೆಯುವ ನಾಯಿಗೆ ಕಯಾಕ್ ಒಳ್ಳೆಯ ಊಟ.

ಅಳತೆಗೆ ಟೇಪು ಬೇಕಿಲ್ಲ. ಕೂರುವವನ ಮೈಯೇ ಸಾಕು. ಉದ್ದ ಸುಮಾರು ಮೂರು ಮಾರು. ಅಗಲ ಅವನ ಸೊಂಟಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು. ಹುಟ್ಟಿನ ಉದ್ದ ಒಂದು ಮಾರು ಮತ್ತು ಒಂದು ಮೊಳ. ಈ ಲೆಕ್ಕ ಊರಿಂದೂರಿಗೆ ಸ್ವಲ್ಪ ಬೇರೆ ಆಗುತ್ತದೆ, ಆದರೆ ತತ್ವ ಒಂದೇ. ಎಲ್ಲಕ್ಕಿಂತ ಮುಖ್ಯ ಕೂರುವ ಬಾಯಿಯ ಮುಂದೆ ಬರುವ ಒಂದು ಬಾಗಿದ ಅಡ್ಡಪಟ್ಟಿ. ಅದನ್ನು ಮಸಿಕ್ ಅನ್ನುತ್ತಾರೆ. ಕಾಲು ಚಾಚಿ ಒಳಗೆ ಜಾರಿದಾಗ ಆ ಪಟ್ಟಿ ತೊಡೆಗೆ ಒತ್ತಬೇಕು. ತೊಡೆ ಎತ್ತಿದರೆ ಕಯಾಕ್ ಏಳಬೇಕು. ಒಂದೆರಡು ಬೆರಳು ಮೇಲಾದರೂ ದೋಣಿ ಮೈಗೆ ಅಂಟುವುದಿಲ್ಲ. ದರ್ಜಿ ಅಳತೆ ತೆಗೆದು ಹೊಲಿದ ಅಂಗಿಗೂ ಅಂಗಡಿಯ ರೆಡಿಮೇಡ್ ಅಂಗಿಗೂ ಇರುವ ವ್ಯತ್ಯಾಸವೇ ಇಲ್ಲಿದೆ. ಮುಂದಿನ ಕಥೆಯಲ್ಲಿ ಮೊದಲು ಕಳೆದುಹೋಗುವುದು ಇದೇ.

ನಮ್ಮಲ್ಲೂ ಚೌಕಟ್ಟಿಗೆ ತೊಗಲು ಹೊದಿಸಿದ ದೋಣಿ ಇದೆ, ಅಲ್ವಾ? ಹರಿಗೋಲು. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿನ ತೊಗಲು ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುವುದನ್ನು, ಅವು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುವುದನ್ನು ಬರೆದಿಟ್ಟಿದ್ದಾನೆ. ಇವತ್ತು ಹಂಪಿಯಲ್ಲಿ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹೊದಿಕೆ ಬದಲಾದರೂ ಬಿದಿರ ನೇಯ್ಗೆ ಹಾಗೇ ಇದೆ. ಈ ಮಾತು ನೆನಪಿಟ್ಟುಕೊಳ್ಳಿ, ಗ್ರೀನ್‌ಲ್ಯಾಂಡಿನಲ್ಲೂ ಹೀಗೇ ಆಯಿತು.

ಬೇಟೆಗಾರನ ಉಪಕರಣ

ಈಗ ಕಯಾಕ್ ಅಂದರೆ ರಜೆಯ ಮೋಜು. ಅಲ್ಲಿ ಅದು ಹೊಟ್ಟೆಪಾಡು. ಮುಂದೆ ಒಂದು ಪುಟ್ಟ ಪೀಠದ ಮೇಲೆ ಹಗ್ಗದ ಸುರುಳಿ. ಬಲಗೈಗೆ ಸಿಗುವಂತೆ ಈಟಿ. ಹಿಂದೆ ಗಾಳಿ ತುಂಬಿದ ಸೀಲ್ ತೊಗಲಿನ ಬುಂಡೆ. ಈಟಿ ತಾಗಿದ ಸೀಲ್ ನೀರಿಗಿಳಿದರೆ ಹಗ್ಗ ಓಡುತ್ತದೆ, ಬುಂಡೆ ಅದರ ಹಿಂದೆ ಹೋಗುತ್ತದೆ, ಸೀಲ್ ಸುಸ್ತಾಗುತ್ತದೆ. ಆ ಹಗ್ಗ ಕೈಗೋ ಹುಟ್ಟಿಗೋ ಸಿಕ್ಕಿಕೊಂಡರೆ ಮಗುಚುವುದು ಕಯಾಕ್. ಕೋವಿ ಬಂದ ಮೇಲೆ ಕಯಾಕ್‌ನ ಮೂತಿಯ ಹತ್ತಿರ ಬಿಳಿ ಬಟ್ಟೆಯ ಪರದೆ ಕಟ್ಟುವ ಉಪಾಯ ಬಂತು. ದೂರದ ಸೀಲ್ ಕಣ್ಣಿಗೆ ಅದೊಂದು ಮಂಜಿನ ತುಂಡು.

ಮಗುಚಿದರೆ ಈಜುವ ಪ್ರಶ್ನೆಯೇ ಇಲ್ಲ. ನೀರು ಹೆಪ್ಪುಗಟ್ಟುವುದಕ್ಕೆ ಸ್ವಲ್ಪ ಮೇಲೆ ಅಷ್ಟೇ. ಬೇಟೆಗಾರ ತೊಡುವ ತೊಗಲಿನ ಅಂಗಿ ತುಯಿಲಿಕ್‌ನ ಅಂಚನ್ನು ಕೂರುವ ಬಾಯಿಯ ಬಳೆಗೇ ಬಿಗಿದಿರುತ್ತಾರೆ. ನೀರು ಒಳಗೆ ಬರುವುದಿಲ್ಲ, ಇವನೂ ಹೊರಗೆ ಬರುವುದಿಲ್ಲ. ಹಾಗಾಗಿ ಕೂತಲ್ಲಿಂದಲೇ ಉರುಳಿ ಮೇಲೆ ಬರಬೇಕು. ಹುಟ್ಟಿನಿಂದ ಒಂದು ಬಗೆ, ಹುಟ್ಟು ಕಳೆದುಹೋದರೆ ಈಟಿ ಎಸೆಯುವ ಕೋಲಿನಿಂದ ಇನ್ನೊಂದು, ಅದೂ ಇಲ್ಲದಿದ್ದರೆ ಬರಿಗೈಯಲ್ಲಿ. ಒಂದು ತೋಳು ಹಗ್ಗಕ್ಕೆ ಸಿಕ್ಕಿಕೊಂಡಿದ್ದರೆ ಅದಕ್ಕೆ ಬೇರೆಯೇ ಬಗೆ. ಪ್ರತಿ ಉರುಳೂ ಯಾರೋ ಎಲ್ಲೋ ಸಿಕ್ಕಿಬಿದ್ದ ಸಂದರ್ಭದ ಉತ್ತರ.

ಬಿರುಗಾಳಿಗಿಂತ ವಿಚಿತ್ರವಾದ ಅಪಾಯ ಇನ್ನೊಂದಿದೆ. ಕನ್ನಡಿಯಂತೆ ನಿಂತ ಸಮುದ್ರ, ನೆತ್ತಿಗೆ ಹೊಳೆಯುವ ಬಿಸಿಲು, ಒಬ್ಬಂಟಿ ಬೇಟೆಗಾರ ಅಲ್ಲಾಡದೆ ಕಾಯುತ್ತಿದ್ದಾನೆ. ಆಗ ಇದ್ದಕ್ಕಿದ್ದಂತೆ ಮೇಲು ಕೆಳಗು ಗೊತ್ತಾಗದೆ ಕೈಕಾಲು ಕಟ್ಟಿಹೋಗುತ್ತದೆ. ಗ್ರೀನ್‌ಲ್ಯಾಂಡನ್ನು ಆಳುತ್ತಿದ್ದ ಡೆನ್ಮಾರ್ಕಿನ ವೈದ್ಯರು ಇದನ್ನು 19ನೇ ಶತಮಾನದಲ್ಲೇ ಕಯಾಕ್ ಭೀತಿ ಅಂತ ದಾಖಲಿಸಿದ್ದಾರೆ. ಒಮ್ಮೆ ಬಂದವರಲ್ಲಿ ಕೆಲವರು ಮತ್ತೆ ಕಯಾಕ್ ಹತ್ತಲೇ ಇಲ್ಲ.

ಹೊರಗಿನವರು ಈ ವಿದ್ಯೆ ಕಲಿತದ್ದು ತಡವಾಗಿ. ಆಸ್ಟ್ರಿಯಾದ ಹಾನ್ಸ್ ಎಡಿ ಪಾವ್ಲಾಟಾ 1927ರಲ್ಲಿ ಪುಸ್ತಕ ಓದಿ ಉರುಳು ಕಲಿತ ಮೊದಲ ಯುರೋಪಿಯನ್ ಅನ್ನಿಸಿಕೊಂಡರು. ಇಂಗ್ಲೆಂಡಿನ ಗಿನೊ ವಾಟ್ಕಿನ್ಸ್ 1930-31ರ ದಂಡಯಾತ್ರೆಯಲ್ಲಿ ಗ್ರೀನ್‌ಲ್ಯಾಂಡಿಗರಿಂದಲೇ ಕಲಿತು, 1932ರಲ್ಲಿ ಪೂರ್ವ ಕರಾವಳಿಯಲ್ಲಿ ಒಬ್ಬರೇ ಸೀಲ್ ಬೇಟೆಗೆ ಹೋಗಿ ಸತ್ತರು. ಚೆನ್ನಾಗಿ ಉರುಳಲು ಬರುತ್ತಿದ್ದವರು ಅವರು.

ಕಾಗದಕ್ಕೆ ಇಳಿದ ದೋಣಿ

ಟೇಲರ್ ಮುಂದೆ ಮಾನವಶಾಸ್ತ್ರಜ್ಞರಾಗಿ ಬ್ರೆಜಿಲ್‌ನ ಯಾನೊಮಾಮಿ ಜನರ ನಡುವೆ ಕೆಲಸ ಮಾಡಲು ಹೋದರು. ಸಮುದ್ರದ ಹಿಮದಿಂದ ಅಮೆಜಾನ್ ಕಾಡಿಗೆ! ಕಯಾಕ್ ಸ್ಕಾಟ್ಲೆಂಡಿನಲ್ಲೇ ಉಳಿಯಿತು. ಅವರ ಗೆಳೆಯರ ಬಳಗದ ಡಂಕನ್ ವಿನ್ನಿಂಗ್ 1964ರಲ್ಲಿ ಅದರ ಅಳತೆಗಳನ್ನೆಲ್ಲ ತೆಗೆದು ನಕ್ಷೆ ಬರೆದರು. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದೇ. ಅಲ್ಲಿಯ ತನಕ ಇದ್ದದ್ದು ಒಂದು ದೋಣಿ. ನಕ್ಷೆ ಬಂದ ಮೇಲೆ ಯಾರು ಬೇಕಾದರೂ ಕಟ್ಟಬಹುದಾದ ದೋಣಿ. ವಿನ್ನಿಂಗ್ ನಕ್ಷೆಯ ಪ್ರತಿಗಳನ್ನು ಕೇಳಿದವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಓಡಾಡಿತು.

ಹಾಗೆ ಓಡಾಡಿ ಇಂಗ್ಲೆಂಡಿನ ಜೆಫ್ ಬ್ಲ್ಯಾಕ್‌ಫೋರ್ಡ್ ಕೈಗೆ ಬಂತು. 1970ರ ದಶಕದ ಆರಂಭ ಅದು. ಅವರು ಮೂಲವನ್ನು ತಮ್ಮ ಮೈಗೆ ಹಿಡಿಸುವಂತೆ ಹಿಗ್ಗಿಸಿ ಪ್ಲೈವುಡ್‌ನಲ್ಲಿ ಕಟ್ಟಿದರು. ಏಣಿರುವ ಆಕಾರ ಪ್ಲೈವುಡ್ ಹಾಳೆಗೆ ಹೇಳಿ ಮಾಡಿಸಿದಂತಿತ್ತು. ಆ ಪ್ಲೈವುಡ್ ದೋಣಿಯೇ ಅಚ್ಚಿಗೆ ಮೂಲವಾಯಿತು. 1972ರಲ್ಲಿ ನಾಟಿಂಗ್‌ಹ್ಯಾಮ್‌ನ ಫ್ರಾಂಕ್ ಗುಡ್‌ಮನ್ ತಮ್ಮ ವ್ಯಾಲಿ ಕಂಪನಿಯಿಂದ ಅದನ್ನು ಫೈಬರ್‌ಗ್ಲಾಸ್‌ನಲ್ಲಿ ಹೊರತಂದರು. ಹೆಸರು ಅನಾಸ್ ಅಕ್ಯೂಟಾ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ವಲಸೆ ಬರುವ ಸೂಜಿಬಾಲದ ಬಾತಿನ ವೈಜ್ಞಾನಿಕ ಹೆಸರದು. ಸುಮಾರು 17 ಅಡಿ ಉದ್ದ, 52 ಸೆಂಟಿಮೀಟರ್ ಅಗಲ. ದಶಕಗಳ ಕಾಲ ತಯಾರಾಯಿತು.

ಗುಡ್‌ಮನ್ ಅಲ್ಲಿಗೇ ನಿಲ್ಲಲಿಲ್ಲ. 1975ರಲ್ಲಿ ಕಾಲಿನ್ ಮಾರ್ಟ್‌ಲಾಕ್ ತಂಡ ನಾರ್ವೆಯ ಉತ್ತರ ತುದಿಗೆ ಕಯಾಕ್‌ನಲ್ಲಿ ಹೊರಟಾಗ, ಸಾಮಾನು ಹಿಡಿಸುವ ನಾರ್ಡ್‌ಕಾಪ್ ಎಂಬ ಹೊಸ ದೋಣಿ ಮಾಡಿಕೊಟ್ಟರು. 1977ರಲ್ಲಿ ತಾವೇ ಮೂವರು ಜೊತೆಗಾರರೊಂದಿಗೆ ಅಂಥ ದೋಣಿಗಳಲ್ಲಿ ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಸುತ್ತಿದರು. ಈಗ ನಾವು ಸೀ ಕಯಾಕ್ ಅನ್ನುವ ದೋಣಿ ಗಟ್ಟಿಯಾದದ್ದು ಈ ವರ್ಷಗಳಲ್ಲಿ.

ಉಳಿದದ್ದು ಆಕಾರ. ಅದು ನಿಜವಾಗಿಯೂ ದೊಡ್ಡ ವಿಷಯ. ಆದರೆ ಫೈಬರ್‌ಗ್ಲಾಸ್ ಅಚ್ಚಿನಿಂದ ಬಂದ ದೋಣಿ ಎಲ್ಲರಿಗೂ ಒಂದೇ ಅಳತೆ. ದಪ್ಪಗಿರುವವನಿಗೆ ಬಿಗಿ, ಸಣ್ಣಗಿರುವವಳಿಗೆ ಸಡಿಲ. ಸಡಿಲ ಇದ್ದಲ್ಲಿ ಸ್ಪಂಜು ಅಂಟಿಸಿಕೊಳ್ಳುವುದು ವಾಡಿಕೆಯಾಯಿತು. ತೂಕವೂ ಏರಿತು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಕಯಾಕ್ 12ರಿಂದ 18 ಕಿಲೋ ಇದ್ದರೆ, ಸಾಮಾನ್ಯ ಫೈಬರ್‌ಗ್ಲಾಸ್ ಸೀ ಕಯಾಕ್ 25 ಕಿಲೋ ಆಸುಪಾಸು. ಇನ್ನೊಂದು ವಾದವನ್ನು ಕಯಾಕ್ ಕಟ್ಟುವವರು ಬಹಳ ಹೇಳುತ್ತಾರೆ: ಚೌಕಟ್ಟು ಅಲೆಯ ಜೊತೆ ಬಳುಕುತ್ತದೆ, ಅದರಿಂದ ವೇಗ ಸಿಗುತ್ತದೆ ಅಂತ. ನನಗೆ ಇದು ಸ್ವಲ್ಪ ಉತ್ಪ್ರೇಕ್ಷೆ ಅನ್ನಿಸುತ್ತದೆ. ಬಳುಕುವುದರಿಂದ ಬಂಡೆಗೆ ತಾಗಿದಾಗ ಒಡೆಯದೆ ಉಳಿಯುತ್ತದೆ, ಅದು ಸರಿ. ವೇಗದ ಮಾತು ಬಿಡಿ. ದೊಡ್ಡ ಲಾಭ ತೂಕ ಮತ್ತು ಮೈಯಳತೆ.

ಅತ್ತ ಗ್ರೀನ್‌ಲ್ಯಾಂಡಿನಲ್ಲಿ

ಬ್ರಿಟನ್ನಿನಲ್ಲಿ ನಕ್ಷೆ ಓಡಾಡುತ್ತಿದ್ದ ಅದೇ ಕಾಲದಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಕಯಾಕ್ ಮೂಲೆ ಸೇರುತ್ತಿತ್ತು. ಮೋಟಾರ್ ದೋಣಿ ಬಂತು. ಕಾಡ್ ಮೀನುಗಾರಿಕೆ ಬಂತು. 1950, 60ರ ದಶಕಗಳಲ್ಲಿ ಡೆನ್ಮಾರ್ಕ್ ಸರ್ಕಾರದ ಯೋಜನೆಗಳು ಜನರನ್ನು ಸಣ್ಣ ಊರುಗಳಿಂದ ಪಟ್ಟಣಗಳಿಗೆ ಎಳೆದವು. ಫ್ಲ್ಯಾಟಿನಲ್ಲಿ ಬೆಳೆದ ಹುಡುಗನಿಗೆ ಕಯಾಕ್ ಕಲಿಸುವವರು ಯಾರು? ದೂರದ ಉತ್ತರದ ಕಾನಾಕ್ ಕಡೆ ಮಾತ್ರ ನಾರ್ವಾಲ್ ಎಂಬ ಉದ್ದ ದಂತದ ತಿಮಿಂಗಿಲದ ಬೇಟೆಗೆ ಕಯಾಕ್ ಇವತ್ತಿಗೂ ಬಳಕೆಯಲ್ಲಿದೆ. ಮೋಟಾರಿನ ಸದ್ದಿಗೆ ನಾರ್ವಾಲ್ ಓಡುತ್ತದೆ. ಮೊದಲು ಕಯಾಕ್‌ನಿಂದ ಈಟಿ ತಾಗಿಸಬೇಕು ಅನ್ನುವುದು ಅಲ್ಲಿನ ನಿಯಮ.

1980ರ ದಶಕದಲ್ಲಿ ನೂಕ್‌ನ ಯುವಕರು ಮತ್ತೆ ಕಯಾಕ್ ಹಿಡಿದರು. ಸ್ವಯಮಾಡಳಿತ ಬಂದ ಹೊಸ ಹುರುಪು ಅದು. ಕ್ಲಬ್ಬುಗಳು ಹುಟ್ಟಿ 1985ರಲ್ಲಿ ಕಾನ್ನಾತ್ ಕತ್ತುಫಿಯಾತ್ ಎಂಬ ರಾಷ್ಟ್ರೀಯ ಸಂಘವಾಯಿತು. ಮನಾಸೆ ಮಥೇಯುಸ್ಸೆನ್ ಅವರಂಥ ಹಳೆಯ ಕೈಗಳು ಇನ್ನೂ ಇದ್ದರು, ಕಲಿಸಿದರು. ಈಗ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಯುತ್ತದೆ: ಓಟ, ಈಟಿ ಎಸೆತ, ಹಗ್ಗದ ಮೇಲಿನ ಕಸರತ್ತು, ಮೂವತ್ತಕ್ಕೂ ಜಾಸ್ತಿ ಬಗೆಯ ಉರುಳು. 1998ರಲ್ಲಿ ಮಾಲಿಗಿಯಾಕ್ ಪಡಿಲ್ಲಾ ಹದಿನಾರನೇ ವಯಸ್ಸಿಗೆ ಚಾಂಪಿಯನ್ ಆದ. ಅಲ್ಲಿ ಬಳಸುವುದು ಮರದ ಚೌಕಟ್ಟಿನ ಕಯಾಕ್‌ಗಳೇ, ಆದರೆ ತೊಗಲಿನ ಬದಲು ಹೆಚ್ಚಾಗಿ ಬಟ್ಟೆ. ಹರಿಗೋಲಿಗೆ ಪ್ಲಾಸ್ಟಿಕ್ ಬಂದ ಹಾಗೆ. ಇದನ್ನು ಕಲಬೆರಕೆ ಅಂತ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಮೈಯಳತೆ, ಕಟ್ಟುವ ಕ್ರಮ, ಉರುಳು ಮೂರೂ ಉಳಿದಿವೆಯಲ್ಲ.

ಇಲ್ಲೋರ್ಸುಯಿತ್‌ನಲ್ಲಿ ಈಗ ಯಾರೂ ಇಲ್ಲ. 2017ರ ಜೂನ್ 17ರಂದು ಹತ್ತಿರದ ಕರ್ರಾತ್ ಫ್ಯೋರ್ಡಿನಲ್ಲಿ ಗುಡ್ಡ ಕುಸಿದು ಸುನಾಮಿ ಎದ್ದಿತು. ನೂಗಾತ್ಸಿಯಾಕ್ ಎಂಬ ಊರಲ್ಲಿ ನಾಲ್ವರು ಸತ್ತರು. ಇನ್ನೂ ಕುಸಿಯುವ ಭಯಕ್ಕೆ ಇಲ್ಲೋರ್ಸುಯಿತ್ ಜನರನ್ನೂ ಸ್ಥಳಾಂತರ ಮಾಡಿದರು. ಹಿಂದಿರುಗಲು ಬಿಡಲಿಲ್ಲ.

ನಾವು ಕಟ್ಟುವುದಾದರೆ

ಯುರೋಪ್, ಅಮೆರಿಕದಲ್ಲಿ ಈಗ ಹವ್ಯಾಸಕ್ಕೆ ಕಟ್ಟುವವರು ಹಳೆಯ ಕ್ರಮವನ್ನೇ ಹಿಡಿದಿದ್ದಾರೆ. ಅಂಚುಪಟ್ಟಿಗೆ ಸೀಡರ್, ಹಬೆಯಲ್ಲಿ ಬಗ್ಗಿಸಿದ ಓಕ್ ಪಕ್ಕೆಲುಬು, ನೈಲಾನ್ ಬಟ್ಟೆ, ಮೇಲೆ ಪಾಲಿಯುರೇಥೇನ್ ಲೇಪ. ಕರ್ನಾಟಕದಲ್ಲಿ ಕಟ್ಟುವವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ಅಂಚುಪಟ್ಟಿಗೆ ಗಂಟಿಲ್ಲದ, ನೇರ ಎಳೆಯ ಹಗುರ ಮರ ಹುಡುಕಿ. ತೇಗ ಚೆನ್ನಾಗಿರುತ್ತದೆ ಆದರೆ ಭಾರ, ದುಡ್ಡೂ ಜಾಸ್ತಿ. ಪಕ್ಕೆಲುಬಿಗೆ ಬಿದಿರ ಸೀಳು ಸಾಕು ಅನ್ನಿಸುತ್ತದೆ. ಹರಿಗೋಲು ಹೆಣೆಯುವವರಿಗೆ ಬಿದಿರು ಬಗ್ಗಿಸುವುದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ಹೊದಿಕೆಗೆ ನೈಲಾನ್ ಬೇಡ, ಪಾಲಿಯೆಸ್ಟರ್ ಹಾಕಿ. ನೈಲಾನ್ ತೇವ ಹೀರಿ ಸಡಿಲವಾಗುತ್ತದೆ, ನಮ್ಮ ಕರಾವಳಿಯ ಹವೆಗೆ ಆಗಿಬರುವುದಿಲ್ಲ. ಪಾಲಿಯೆಸ್ಟರನ್ನು ಹೊಲಿದ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಬಿಗಿಯುತ್ತದೆ. ಎರಡಕ್ಕೂ ಬಿಸಿಲು ಶತ್ರು. ಬಳಸದಾಗ ನೆರಳಲ್ಲಿಡಿ.

ನಕ್ಷೆಯ ಅಂಕಿಗಳನ್ನು ಹಾಗೇ ನಕಲು ಮಾಡಬೇಡಿ. ಬ್ಲ್ಯಾಕ್‌ಫೋರ್ಡ್ ಕೂಡ ಮಾಡಲಿಲ್ಲ. ಚೌಕಟ್ಟು ಮುಗಿದ ಮೇಲೆ, ಬಟ್ಟೆ ಹಾಕುವ ಮೊದಲು ಅದರೊಳಗೆ ಕೂತು ನೋಡಿ. ಮಸಿಕ್ ತೊಡೆಗೆ ಸಿಗುತ್ತದಾ, ಪಾದ ನೆಟ್ಟಗೆ ನಿಲ್ಲುತ್ತದಾ ನೋಡಿ. ಬಟ್ಟೆ ಹೊಲಿದ ಮೇಲೆ ಏನೂ ಮಾಡಲಾಗುವುದಿಲ್ಲ.

ಮಳೆಗಾಲದಲ್ಲಿ ಸಮುದ್ರದ ಮಾತೇ ಬೇಡ. ಮೊದಲ ಬಾರಿಗೆ ಕೆರೆಯೋ ಅಳಿವೆಯ ಒಳಭಾಗವೋ ಒಳ್ಳೆಯದು. ಕಲಿಸುವವರು ಪಕ್ಕದಲ್ಲಿ ನೀರಲ್ಲಿ ನಿಂತಿರಲಿ, ಲೈಫ್ ಜಾಕೆಟ್ ಮೈಮೇಲಿರಲಿ. ಫೈಬರ್‌ಗ್ಲಾಸ್ ಸೀ ಕಯಾಕ್‌ನಲ್ಲಿ ಮುಂದೆ ಹಿಂದೆ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿರುತ್ತವೆ. ಚೌಕಟ್ಟಿನ ಕಯಾಕ್ ಒಳಗೆ ತುದಿಯಿಂದ ತುದಿಗೆ ಖಾಲಿ. ನೀವು ಮಗುಚಿ ಹೊರಗೆ ಬಂದರೆ ಅದು ಪೂರ್ತಿ ತುಂಬಿ, ಎತ್ತಲಾಗದ ಭಾರವಾಗುತ್ತದೆ. ಇಲ್ಲೋರ್ಸುಯಿತ್‌ನ ಬೇಟೆಗಾರ ಹೊರಗೆ ಬರುತ್ತಲೇ ಇರಲಿಲ್ಲ, ಅವನಿಗೆ ಆ ಚಿಂತೆ ಇರಲಿಲ್ಲ. ನಾವು ಬರುತ್ತೇವೆ. ಎರಡೂ ತುದಿಗೆ ಗಾಳಿ ಚೀಲ ತುರುಕಿ, ಜಾರದಂತೆ ಪಕ್ಕೆಲುಬಿಗೆ ಕಟ್ಟಿ, ಆಮೇಲೆ ನೀರಿಗಿಳಿಸಿ.